ಅತ್ತೆಯವರ ಪಾಟಿ

ನಮ್ಮ ಮನೆಯಲ್ಲಿ ಒಂದು ಪಾಟಿ ಇದೆ. ಬಳಪದಿಂದ ಬರೆಯುವ ಪಾಟಿಯಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಒಂದು ದೀಪಾವಳಿಗೆ ಬಂದಾಗ ತಂದುಕೊಟ್ಟ ಇ-ರೀಡರ್. ಅಂಗೈಗಿಂತ ತುಸು ದೊಡ್ಡದು, ತೂಕ ಕಾಲು ಕಿಲೋಗಿಂತ ಕಡಿಮೆ. ಅದನ್ನು ಮೊದಲ ಸಲ ಕೈಗೆತ್ತಿಕೊಂಡ ಅತ್ತೆಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಯವ್ವಾ, ಇದು ಪಾಟಿ ಇದ್ದಂಗ ಐತಲ್ಲ. ಈ ವಯಸ್ಸಿನ್ಯಾಗ ನನ್ನ ಸಾಲಿಗೆ ಹಚ್ಚತೀರೇನು?" ಎಂದರು. ಅಂದಿನಿಂದ ಅದರ ಹೆಸರು ಪಾಟಿ.

ಇಂಥ ಸಾಧನಗಳ ವಿಮರ್ಶೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಎಷ್ಟು ಸಾವಿರ ಪುಸ್ತಕ ಹಿಡಿಸುತ್ತದೆ, ಬ್ಯಾಟರಿ ಎಷ್ಟು ವಾರ ಬರುತ್ತದೆ, ಬೆಲೆ ಎಷ್ಟು ಎಂಬ ವಿವರಗಳಿರುತ್ತವೆ. ಅವನ್ನು ಬರೆದವರು ಬಳಗಾನೂರಿನ ಏಪ್ರಿಲ್ ತಿಂಗಳನ್ನು ಕಂಡವರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಭತ್ತ ಕೊಯ್ಯುವ ಯಂತ್ರ ಹೊಲಕ್ಕಿಳಿದರೆ ಏಳುವ ಧೂಳನ್ನೂ ಕಂಡವರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಬಿಟ್ಟು ಬೇರೆ ಅಕ್ಷರ ಅರಿಯದ ಎಪ್ಪತ್ತೈದರ ಹೆಣ್ಣುಮಗಳೊಬ್ಬಳ ಕೈಗೆ ಅದನ್ನು ಕೊಟ್ಟು ನೋಡಿದವರಲ್ಲ. ಆ ಪರೀಕ್ಷೆಯನ್ನು ನಾನು ಮಾಡಿದ್ದೇನೆ. ಹಾಗಾಗಿ ಈ ವಿಮರ್ಶೆ.

ಮದುವೆಯಾಗಿ ನಾನು ಈ ಊರಿಗೆ ಬಂದಾಗ ಇಲ್ಲಿ ಪುಸ್ತಕದಂಗಡಿ ಇರಲಿಲ್ಲ. ಸಿಂಧನೂರಿಗೆ ಸಂತೆಗೆ ಹೋದವರು 'ಸುಧಾ'ನೋ 'ತರಂಗ'ನೋ ತಂದರೆ ಅದು ಒಂದೇ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಧಾರಾವಾಹಿಯ ಪುಟಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರಿದ್ದರು. ತ್ರಿವೇಣಿಯವರ, ಎಂ. ಕೆ. ಇಂದಿರಾ ಅವರ ಕಾದಂಬರಿಗಳು ಓಣಿಯಲ್ಲಿ ಏಳೆಂಟು ಮನೆ ಸುತ್ತಿ, ರಕ್ಷಾಪುಟ ಕಳೆದುಕೊಂಡು, ಕೊನೆಯ ಪುಟಗಳಿಲ್ಲದೆ ನಮ್ಮನೆ ತಲುಪುತ್ತಿದ್ದವು. ಕೊನೆಗೆ ಏನಾಯಿತೆಂದು ತಿಳಿಯಲು ಮೊದಲು ಓದಿದವರ ಮನೆಗೇ ಹೋಗಬೇಕು. ಹೋದರೆ ಚಹಾ, ಮಾತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನಮ್ಮ ಅತ್ತೆ ಓದು ಕಲಿತದ್ದು ಶಾಲೆಯಲ್ಲಾದರೂ, ಅದನ್ನು ಉಳಿಸಿಕೊಂಡದ್ದು ಈ ಹರಿದ ಪುಸ್ತಕಗಳಿಂದ. ಊಟ ಮುಗಿದು ಪಾತ್ರೆ ಬೆಳಗಿಟ್ಟ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಒಂದು ತಾಸು ಓದದೆ ಅವರು ಮಲಗಿದವರಲ್ಲ.

ಎಪ್ಪತ್ತು ದಾಟಿದ ಮೇಲೆ ಆ ಒಂದು ತಾಸು ಹೋಯಿತು. ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಆದರೆ ಅಕ್ಷಿಪಟಲವೇ ಸವೆದಿದೆ, ಕನ್ನಡಕ ಬದಲಿಸಿ ಹೆಚ್ಚಿನ ಪ್ರಯೋಜನವಿಲ್ಲ, ಅಕ್ಷರ ದೊಡ್ಡದಿದ್ದರೆ ಓದಬಹುದು ಎಂದು ವೈದ್ಯರು ಹೇಳಿದರು. ಅಷ್ಟು ದೊಡ್ಡ ಅಕ್ಷರದ ಪುಸ್ತಕ ಯಾರು ಅಚ್ಚು ಹಾಕುತ್ತಾರೆ? ಅತ್ತೆ ಓದುವುದನ್ನು ಬಿಟ್ಟರು. ಬಿಟ್ಟೆ ಎಂದು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತು ಸುಮ್ಮನೆ ಬೇವಿನ ಗಿಡದ ಕಡೆ ನೋಡುತ್ತ ಕೂರತೊಡಗಿದರು.

ಪಾಟಿಯ ಮೊದಲ ಗುಣ ಇಲ್ಲಿ ಹೇಳಬೇಕು. ಅದರ ಪರದೆ ಮೊಬೈಲಿನ ಪರದೆಯಂತಲ್ಲ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿದ್ದು, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದಲ್ಲಿ ಅಕ್ಷರ, ಬಿಳಿ ಬಂದಲ್ಲಿ ಕಾಗದ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲುತ್ತದೆ; ಪುಟ ತಿರುವುವಾಗ ಮಾತ್ರ ವಿದ್ಯುತ್ತು ಬೇಕು. ಆದ್ದರಿಂದಲೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಕರೆಂಟು ಹೋಗಿಬರುವ ನಮ್ಮಂಥ ಊರಿಗೆ ಇದು ಹೇಳಿ ಮಾಡಿಸಿದ್ದು. ಬಿಸಿಲಿನ ಬೆಳಕಿನಲ್ಲಿ ಮೊಬೈಲು ಮಂಕಾದರೆ ಇದು ಕಾಗದದಂತೆ ಇನ್ನೂ ಸ್ಪಷ್ಟವಾಗುತ್ತದೆ. ಈ ಬಗೆಯ ಪರದೆಯ ಓದುಯಂತ್ರವನ್ನು 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿ ಮೊದಲು ಮಾರಿತು. 2007ರಲ್ಲಿ ಅಮೆರಿಕದಲ್ಲಿ ಅಮೆಜಾನಿನ ಕಿಂಡಲ್ ಬಂತು, 2012ರಲ್ಲಿ ಅದರ ಅಂಗಡಿ ಭಾರತಕ್ಕೂ ಕಾಲಿಟ್ಟಿತು. ಅತ್ತೆಗೆ ಇದೆಲ್ಲ ಬೇಕಿರಲಿಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದೆಂದು ತೋರಿಸಿದಾಗ ಅವರು ಬೆರಳಿಟ್ಟು ಮೊದಲ ಸಾಲು ಓದಿದರು. "ಅಕ್ಷರ ಹುಣಸಿಬೀಜದಷ್ಟು ಅದಾವ" ಎಂದರು. ಆಮೇಲೆ ಸಂಜೆಯ ದೀಪ ಹಚ್ಚುವ ತನಕ ಮಾತಿಲ್ಲ.

ಇಷ್ಟು ಹೇಳಿದರೆ ಹೊಗಳಿಕೆಯಾಯಿತು. ಇನ್ನು ತಪ್ಪುಗಳಿಗೆ ಬರೋಣ. ತಪ್ಪುಗಳಲ್ಲಿ ಮೊದಲನೆಯದು ಯಂತ್ರದ್ದಲ್ಲ, ನಮ್ಮದು. ಯಂತ್ರ ಬಂತು, ಅದರೊಳಗೆ ಹಾಕಲು ಕನ್ನಡ ಎಲ್ಲಿ?

2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳ ಇ-ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಆ ಐದರಲ್ಲಿ ಇರಲಿಲ್ಲ. ಹಾಗೆಂದು ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಇಲ್ಲವೆಂದಲ್ಲ. ಹಳೆಯ ಪುಸ್ತಕಗಳು ಸಾವಿರಗಟ್ಟಲೆ ಇವೆ. ಆದರೆ ಹೆಚ್ಚಿನವು ಪುಟದ ಫೋಟೊಗಳು, ಪಿಡಿಎಫ್ ಕಡತಗಳು. ಫೋಟೊದಲ್ಲಿರುವ ಅಕ್ಷರ ಹಿಗ್ಗುವುದಿಲ್ಲ, ಇಡೀ ಪುಟವೇ ಹಿಗ್ಗುತ್ತದೆ. ಒಂದು ಸಾಲು ಓದಲು ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಅತ್ತೆ ಒಂದು ಪುಟ ಪ್ರಯತ್ನಿಸಿ, "ಇದು ಓದೂದಲ್ಲ, ಕಸಾ ಹೊಡೆಯೂದು" ಎಂದು ಇಟ್ಟುಬಿಟ್ಟರು. ಇಪಬ್ ಎಂಬ ಬಗೆಯ ಕಡತದಲ್ಲಿ ಹಾಗಲ್ಲ. ಅಲ್ಲಿರುವುದು ಚಿತ್ರವಲ್ಲ, ಅಕ್ಷರ. ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಮುರಿದು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ.

ಅಕ್ಷರವೇ ಇದ್ದರೂ ತೊಂದರೆ ತಪ್ಪದು. ಮೊದಲ ದಿನಗಳಲ್ಲಿ ನಾವು ಹಾಕಿದ ಒಂದು ಕಡತದಲ್ಲಿ ಒತ್ತಕ್ಷರಗಳೆಲ್ಲ ಬಿಚ್ಚಿಹೋಗಿದ್ದವು. 'ಸ್ತ್ರೀ' ಎಂಬ ಪದ ಸಕಾರ ಒಂದು ಕಡೆ, ತಕಾರ ಒಂದು ಕಡೆ, ರಕಾರ ಇನ್ನೊಂದು ಕಡೆಯಾಗಿ ಬಿದ್ದಿತ್ತು. ಇನ್ನೊಂದು ಕಡತ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕಾರಣ ಮಗಳು ವಿವರಿಸಿದಳು. ಮುದ್ರಣಾಲಯಗಳಲ್ಲಿ ಬಹುಕಾಲ ಬಳಸಿದ ಫಾಂಟುಗಳು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳಿಗೆ ಅರ್ಥವಾಗುವ ಒಂದು ಸಂಖ್ಯೆ ಕೊಟ್ಟ ಯೂನಿಕೋಡ್ 1991ರಲ್ಲೇ ಬಂತು. ನಾವು ಅದಕ್ಕೆ ಹೊಂದಿಕೊಳ್ಳಲು ತಡಮಾಡಿದೆವು.

ಇದನ್ನು ಕೇಳುವಾಗ ನನಗೆ ನಮ್ಮ ಪಕ್ಕದ ಮಸ್ಕಿಯ ಬಂಡೆ ನೆನಪಾಯಿತು. ಅಶೋಕನ ಶಾಸನವಿರುವ ಆ ಬಂಡೆ ಸುಮಾರು ಇಪ್ಪತ್ತೆರಡು ಶತಮಾನ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿತು. ದನ ಕಾಯುವವರು ನೋಡಿರಬೇಕು, ಓದಿದವರಿಲ್ಲ. ಆ ಲಿಪಿ ಓದುವ ಬಗೆಯೇ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೆ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಈ ಬಂಡೆಯನ್ನು ಗುರುತಿಸಿದ ಮೇಲೆ, ದೇವಾನಾಂಪ್ರಿಯ ಎಂಬವನು ಅಶೋಕನೇ ಎಂದು ಲೋಕಕ್ಕೆ ಖಚಿತವಾಯಿತು. ಕಲ್ಲಿನ ಅಕ್ಷರಕ್ಕೇ ಓದುವ ದಾರಿ ತಪ್ಪುವುದಾದರೆ, ಹಳೆಯ ಫಾಂಟಿನಲ್ಲಿ ಕೂತಿರುವ ನಮ್ಮ ಲೇಖಕಿಯರ ಪುಸ್ತಕಗಳ ಗತಿಯೇನು? ಅವನ್ನು ಯೂನಿಕೋಡಿಗೆ ತಿರುಗಿಸಿ, ಇಪಬ್ ಮಾಡಿ ಇಡುವುದು ಪ್ರಕಾಶಕರು ಈಗಲೇ ಮಾಡಬೇಕಾದ ಕೆಲಸ.

ಅತ್ತೆಗೆ ಕೊನೆಗೆ ಒದಗಿಬಂದದ್ದು ವಚನಗಳು. ಸಾವಿರಾರು ವಚನಗಳನ್ನು ಅಕ್ಷರರೂಪದಲ್ಲೇ ಇಟ್ಟಿರುವ 'ವಚನ ಸಂಚಯ' ಅಂತರ್ಜಾಲದಲ್ಲಿದೆ. ಮಗಳು ಅದರಿಂದ ಒಂದಷ್ಟನ್ನು ಆರಿಸಿ ಇಪಬ್ ಮಾಡಿ ಪಾಟಿಗೆ ಹಾಕಿದಳು. ಮೊದಲು ಯಾರದು ಬೇಕು ಎಂದಾಗ ಅತ್ತೆ ಕೇಳಿದ್ದು ನಮ್ಮದೇ ಸೀಮೆಯ, ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು. ಉಳಿದು ಬಂದಿರುವ ಅವಳ ವಚನಗಳು ಇಪ್ಪತ್ತೈದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ತಿರುಗಿ ಅಲ್ಲೇ ಚೆಲ್ಲಿ ಬಾ ಎಂದು ಕಳಿಸಿದವಳು ಲಕ್ಕಮ್ಮ. ಅದೇ ವಾರ ಮಗ ಫೋನಿನಲ್ಲಿ, "ಅದರೊಳಗ ಸಾವಿರಾರು ಪುಸ್ತಕ ಹಿಡಸ್ತಾವ, ಎಲ್ಲಾ ತುಂಬಿ ಕಳಸ್ಲೇನು?" ಎಂದಾಗ ಅತ್ತೆ, "ಬ್ಯಾಡಪಾ, ಇದನ್ನ ಮುಗಿಸ್ತೀನಿ" ಎಂದರು. ಪುಕ್ಕಟೆ ಸಿಕ್ಕಿತೆಂದು ನೂರಾರು ಪುಸ್ತಕ ತುಂಬಿಕೊಂಡು ಒಂದನ್ನೂ ಮುಗಿಸದ ನನಗೆ ಆ ಮಾತು ತಟ್ಟಿತು.

ಆಮೇಲೆ ನಾನೇ ಅದನ್ನು ಒಡೆದೆ. ಅತ್ತೆ ರಾತ್ರಿ ಓದಿ ತಲೆದಿಂಬಿನ ಬಳಿ ಇಟ್ಟಿದ್ದರು. ಬೆಳಿಗ್ಗೆ ಅವಸರದಲ್ಲಿ ಹಾಸಿಗೆ ಸುತ್ತುವಾಗ ಅದು ಕೌದಿಯೊಳಗೆ ಸೇರಿದ್ದು ನನಗೆ ಕಾಣಲಿಲ್ಲ. ಮೇಲೆ ಇನ್ನೂ ನಾಲ್ಕು ಕೌದಿ ಒಟ್ಟಿದೆ. ಮಧ್ಯಾಹ್ನ ತೆಗೆದರೆ ಅರ್ಧ ಪರದೆ ಕಪ್ಪುಗೆರೆ. ಸಿಂಧನೂರಿನ ಮೊಬೈಲ್ ರಿಪೇರಿಯ ಹುಡುಗ ನೋಡಿ, "ಅಕ್ಕಾರ, ಮ್ಯಾಲೆ ಸರಿ ಐತ್ರಿ, ಒಳಗ ಸೀಳೇತಿ. ಇದರ ಪರದೆ ನಮ್ಮ ಕಡೆ ಸಿಗಂಗಿಲ್ರಿ" ಎಂದ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಮತ್ತೆ ಬೇವಿನ ಗಿಡದ ಕಡೆ ನೋಡುತ್ತ ಕೂರತೊಡಗಿದರು. ಬೈದಿದ್ದರೆ ವಾಸಿಯಿತ್ತು. ಕಾಗದದ ಪುಸ್ತಕ ಹರಿದರೂ ಪೂರ್ತಿ ಸಾಯುವುದಿಲ್ಲ, ಉಳಿದ ಪುಟ ಉಳಿದಿರುತ್ತದೆ. ಇದು ಹೋದರೆ ಒಂದೇ ಏಟಿಗೆ ಎಲ್ಲ ಹೋಗುತ್ತದೆ. ನಾಲ್ಕು ತಿಂಗಳ ಮೇಲೆ ಅವರೇ, ಎಮ್ಮೆಯ ಹಾಲು ಮಾರಿ ಕೂಡಿಸಿಟ್ಟ ಹಣ ಮಗನ ಕೈಗಿಟ್ಟು, "ಇನ್ನೊಂದು ಪಾಟಿ ತಾ" ಎಂದರು.

ಆದ್ದರಿಂದ ಜೋಪಾನದ ಮಾತುಗಳನ್ನು ನಾನು ಪುಸ್ತಿಕೆ ನೋಡಿ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ಪರದೆಯ ಒಳಪದರ ಹಲವು ಸಾಧನಗಳಲ್ಲಿ ತೆಳುಗಾಜು. ಬೀಳುವುದಕ್ಕಿಂತ ಅದುಮಿದರೆ ಅಪಾಯ ಹೆಚ್ಚು. ಗಟ್ಟಿ ಹೊದಿಕೆ ಹಾಕಿಸಿ, ಹಾಸಿಗೆಯ ಮೇಲೆ ಇಡಬೇಡಿ, ಗೂಡಿನಲ್ಲಿ ಒಂದು ಜಾಗ ಗೊತ್ತುಮಾಡಿ. ಇಂಥ ಸಾಧನಗಳು ಸಾಮಾನ್ಯವಾಗಿ 35 ಡಿಗ್ರಿಯ ತನಕದ ಸೆಕೆಗೆಂದು ತಯಾರಾದವು. ನಮ್ಮ ಬೇಸಿಗೆ ಅದನ್ನು ಎಂದೋ ದಾಟಿರುತ್ತದೆ. ಬಿಸಿಲು ಬೀಳುವ ಕಿಟಕಿ, ಒಲೆಯ ಪಕ್ಕ, ನಿಂತ ಕಾರಿನ ಒಳಗೆ ಬೇಡ. ಬ್ಯಾಟರಿ ಪೂರ್ತಿ ಬರಿದಾಗುವ ತನಕ ಕಾಯಬೇಡಿ. ಬಾಣಂತನಕ್ಕೋ ತೀರ್ಥಯಾತ್ರೆಗೋ ತಿಂಗಳುಗಟ್ಟಲೆ ಹೋಗುವುದಿದ್ದರೆ ಅರ್ಧ ಚಾರ್ಜ್ ಮಾಡಿ ತಂಪಾದ ಕಡೆ ಇಟ್ಟುಹೋಗಿ. ಕರೆಂಟು ಏರಿಳಿಯುವಾಗ ಚಾರ್ಜಿಗೆ ಹಾಕಬೇಡಿ. ವೈಫೈ ಬೇಡದಾಗ ಆರಿಸಿದರೆ ಬ್ಯಾಟರಿ ಇನ್ನಷ್ಟು ಬಾಳುತ್ತದೆ. ಧೂಳನ್ನು ಒಣ ಮೆದುಬಟ್ಟೆಯಿಂದ ಒರೆಸಿ, ಸೆರಗಿನಿಂದಲ್ಲ. ಸೆರಗಿನಲ್ಲಿ ಜೋಳದ ಹಿಟ್ಟೂ ಇರುತ್ತದೆ. ಹಿಂದಿನ ಪುಟದ ನೆರಳು ಉಳಿದಂತೆ ಕಂಡರೆ ಹೆದರಬೇಡಿ. ಪುಟವನ್ನು ಹೊಸದಾಗಿ ಮೂಡಿಸುವ ಸೌಕರ್ಯ ಅದರಲ್ಲೇ ಇರುತ್ತದೆ. ಕೊನೆಯದಾಗಿ, ಒಳಗೆ ಹಾಕಿದ ಪ್ರತಿ ಕಡತದ ಒಂದು ಪ್ರತಿ ಬೇರೆಡೆ ಇರಲಿ. ಮಗಳ ಲ್ಯಾಪ್‌ಟಾಪಿನಲ್ಲಿ ಇದ್ದುದರಿಂದ ನಮ್ಮ ಲಕ್ಕಮ್ಮ ಉಳಿದಳು.

ಈ ಕೊನೆಯ ಮಾತಿಗೆ ಇನ್ನೊಂದು ಕಾರಣವಿದೆ. ಕಂಪನಿಯ ಅಂಗಡಿಯಲ್ಲಿ ನಾವು ಹಣ ಕೊಟ್ಟು ಪಡೆಯುವುದು ಬಹುಪಾಲು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. 2009ರಲ್ಲಿ ಅಮೆಜಾನ್ ಹಕ್ಕಿನ ತಕರಾರು ಬಂತೆಂದು ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯ ಪ್ರತಿಗಳನ್ನು ಕೊಂಡವರ ಕಿಂಡಲ್‌ನಿಂದಲೇ ದೂರದಿಂದ ಅಳಿಸಿತು, ಹಣ ಹಿಂತಿರುಗಿಸಿತು, ಆಮೇಲೆ ತಪ್ಪೊಪ್ಪಿಕೊಂಡಿತು. ನಮ್ಮ ಗೂಡಿನ ಹರಿದ ಕಾದಂಬರಿಯನ್ನು ಯಾವ ಅಂಗಡಿಯವನೂ ರಾತ್ರಿ ಬಂದು ಒಯ್ಯಲಾರ. ಇ-ರೀಡರಿಗೆ ರಕ್ಷಾಪುಟವಿಲ್ಲ, ಸೊಸೆ ಏನು ಓದುತ್ತಾಳೆಂದು ಮನೆಯವರಿಗೆ ಕಾಣದು ಎಂಬುದು ನಮ್ಮಂಥವರಿಗೆ ಸಣ್ಣ ಅನುಕೂಲವಲ್ಲ. ಆದರೆ ಯಾವ ಪುಟದಲ್ಲಿ ನಿಂತಳು, ಯಾವ ಸಾಲಿಗೆ ಗೆರೆ ಎಳೆದಳು ಎಂಬುದು ಕಂಪನಿಗೆ ತಲುಪಬಹುದು ಎಂಬುದನ್ನೂ ತಿಳಿದಿರಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ, ಇದನ್ನು ಏಳು ಮನೆ ಸುತ್ತಿಸಲಾಗದು. ಪುಸ್ತಕ ಕೊಡಬೇಕೆಂದರೆ ಕಪಾಟನ್ನೇ ಕೊಟ್ಟಂತೆ. ಹಾಗಾಗಿ ಕೊಳ್ಳಬೇಕೆ ಎಂದು ಕೇಳಿದ ಗೆಳತಿಯರಿಗೆ ನಾನು ಹೀಗೆ ಹೇಳುತ್ತೇನೆ: ಕಣ್ಣು ಚೆನ್ನಾಗಿದ್ದು, ಪುಸ್ತಕ ಕೈಗೆ ಸಿಗುವ ಊರಿನಲ್ಲಿದ್ದರೆ ಆ ಹಣಕ್ಕೆ ಕಾಗದದ ಪುಸ್ತಕವನ್ನೇ ಕೊಳ್ಳಿ, ಓದಿ, ಪಕ್ಕದ ಮನೆಗೆ ಕೊಡಿ. ಮನೆಯಲ್ಲಿ ಅಕ್ಷರ ಕಾಣದೆ ಓದು ಬಿಟ್ಟ ಹಿರಿಯರಿದ್ದರೆ ಯೋಚಿಸಬೇಡಿ, ತನ್ನಿ. ಆದರೆ ತರುವ ಮೊದಲು ಅದರಲ್ಲಿ 'ಸ್ತ್ರೀ' ಎಂಬ ಪದ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿ ತನ್ನಿ.

ಹೊಸ ಪಾಟಿಗೆ ಗಟ್ಟಿ ಹೊದಿಕೆ ಇದೆ, ದೇವರ ಗೂಡಿನ ಪಕ್ಕ ಜಾಗವೂ ಇದೆ. ಎದುರು ಮನೆಯ ಇಬ್ಬರು ಹಿರಿಯರು ಈಗ ಮಧ್ಯಾಹ್ನ ನಮ್ಮ ಪಡಸಾಲೆಗೆ ಬರುತ್ತಾರೆ. ಒಬ್ಬರಿಗೆ ಓದು ಬಾರದು, ಇನ್ನೊಬ್ಬರಿಗೆ ಕಣ್ಣಿಲ್ಲ. ಅತ್ತೆ ಹುಣಸೆಬೀಜದಂಥ ಅಕ್ಷರಗಳ ಮೇಲೆ ಬೆರಳಾಡಿಸುತ್ತ ದೊಡ್ಡ ದನಿಯಲ್ಲಿ ಓದುತ್ತಾರೆ. ದಿನಕ್ಕೆ ಎರಡೋ ಮೂರೋ ವಚನ, ಉಳಿದ ಹೊತ್ತು ಅದರ ಮೇಲೆ ಮಾತು. ಇನ್ನೊಂದು ಓದು ಎಂದು ಅವರು ಒತ್ತಾಯಿಸಿದರೆ ಅತ್ತೆ ಹೊದಿಕೆ ಮುಚ್ಚುತ್ತಾರೆ. "ಇವತ್ತಿಗಿಷ್ಟ ಆತು. ನಾಳೆ ಬರ್ರಿ, ಚಾ ಕುಡದು ಹೋಗ್ರಿ" ಎನ್ನುತ್ತಾರೆ. ನಾನು ಒಲೆಗೆ ಪಾತ್ರೆ ಇಡುತ್ತೇನೆ.