ಹೊಯ್ಸಳ ಬಿಲ್ಲುಗಾರ: ಹೆಜ್ಜೆ ಗಟ್ಟಿ, ಹೆಗಲು ಸಡಿಲ

ಹೊಯ್ಸಳ ಶಿಲ್ಪದ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಬಹುಪಾಲು ಕುಸುರಿ ಕೆಲಸವನ್ನು ಹೊಗಳಿ ಮುಗಿದುಬಿಡುತ್ತವೆ. ಹಾರದ ಮಣಿ ಎಣಿಸಬಹುದು, ಬಳೆ ತಿರುಗಿಸಬಹುದು ಎಂಬ ಮಾತು ಗೈಡುಗಳ ಬಾಯಲ್ಲೂ ಪಂಡಿತರ ಬಾಯಲ್ಲೂ ಒಂದೇ. ಒಡವೆಯನ್ನು ಬದಿಗಿಟ್ಟು ಒಳಗಿನ ದೇಹವನ್ನು ನೋಡಿದವರು ಕಡಿಮೆ. ಹಾಗೆ ನೋಡುವುದಾದರೆ ಬಿಲ್ಲುಗಾರನಿಂದ ಶುರುಮಾಡಬೇಕು. ನಿಂತ ದೇವರ ವಿಗ್ರಹದಲ್ಲಿ ಅಂಗರಚನೆ ತುಸು ತಪ್ಪಿದರೂ ಭಕ್ತಿ ಅದನ್ನು ಮುಚ್ಚಿಹಾಕುತ್ತದೆ. ಬಿಲ್ಲೆಳೆಯುವವನ ಒಂದು ಕೀಲು ತಪ್ಪಿದರೆ ಸಾಕು, ಈ ಬಾಣ ಹಾರುವುದಿಲ್ಲ ಎಂದು ಏನೂ ಕಲಿಯದವನಿಗೂ ಗೊತ್ತಾಗಿಬಿಡುತ್ತದೆ.

ಬಿಲ್ಲೆಳೆಯುವಾಗ ದೇಹದಲ್ಲಿ ಆಗುವುದೇನು? ಎಡಗೈ ಬಿಲ್ಲನ್ನು ಮುಂದಕ್ಕೆ ತಳ್ಳುತ್ತದೆ, ಬಲಗೈ ಹೆದೆಯನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತದ ಭಾರ ಹೊರುವುದು ಬೆನ್ನು; ತೋಳಿನ ಪಾಲು ಕಡಿಮೆ. ಹೆಗಲೆಲುಬುಗಳು ಬೆನ್ನುಮೂಳೆಯ ಕಡೆಗೆ ಸರಿಯುತ್ತವೆ, ಅವುಗಳ ನಡುವಿನ ಮಾಂಸಖಂಡ ಗಟ್ಟಿಯಾಗುತ್ತದೆ, ಎದೆ ತೆರೆದುಕೊಳ್ಳುತ್ತದೆ. ಬಿಲ್ಲು ಹಿಡಿದ ಕಡೆಯ ಹೆಗಲು ಕಿವಿಯತ್ತ ಏರದೆ ತಗ್ಗಿ ನಿಲ್ಲುತ್ತದೆ. ಹೆದೆ ಎಳೆದ ಮೊಣಕೈ ಬಾಣದ ಗೆರೆಗೆ ಸಮನಾಗಿಯೋ ತುಸು ಮೇಲೆಯೋ ಇರುತ್ತದೆ. ಮುಖ ಹೆಗಲಿನ ಮೇಲಿಂದ ಗುರಿಯತ್ತ ತಿರುಗುವುದರಿಂದ ಕತ್ತಿನ ಪಕ್ಕದ ಸ್ನಾಯು ಹುರಿಗಟ್ಟಿ ಕಾಣುತ್ತದೆ. ಇಷ್ಟಕ್ಕೂ ಆಧಾರ ಕೆಳಗಿರುವ ಎರಡು ಪಾದಗಳು. ಹೀಗಾಗಿ ಬಿಲ್ಲುಗಾರನನ್ನು ಬಿಡಿಸುವವನು ಎರಡು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಇವನು ಹೇಗೆ ನಿಂತಿದ್ದಾನೆ, ಇವನು ಎಷ್ಟು ಎಳೆಯುತ್ತಿದ್ದಾನೆ?

ಮೊದಲ ಪ್ರಶ್ನೆಗೆ ಹೊಯ್ಸಳರ ಉತ್ತರ ಗಟ್ಟಿಯಾಗಿದೆ. ನಾಟ್ಯಶಾಸ್ತ್ರ ಆರು ಸ್ಥಾನಗಳನ್ನು, ಅಂದರೆ ನಿಲುವುಗಳನ್ನು, ಹೇಳುತ್ತದೆ: ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ. ಆಲೀಢದಲ್ಲಿ ಪಾದಗಳ ನಡುವೆ ತಾಳವೆಂಬ ಅಳತೆಯಲ್ಲಿ ಐದರಷ್ಟು ಅಂತರ. ಒಂದು ಮಂಡಿ ಬಾಗಿರುತ್ತದೆ, ಇನ್ನೊಂದು ಕಾಲು ನೀಳವಾಗಿ ಚಾಚಿರುತ್ತದೆ. ಕಾಲು ಅದಲುಬದಲಾದರೆ ಪ್ರತ್ಯಾಲೀಢ. ಆಲೀಢದಲ್ಲಿ ಅಸ್ತ್ರ ಹೂಡಿ ಪ್ರತ್ಯಾಲೀಢದಲ್ಲಿ ಬಿಡಬೇಕೆಂಬ ಸೂಚನೆಯೂ ಅಲ್ಲಿದೆ. ನರ್ತಕನಿಗೂ ಯೋಧನಿಗೂ ನಿಲುವಿನ ಪಾಠ ಒಂದೇ ಆಗಿದ್ದ ಪರಂಪರೆ ಇದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ ದಾಟಿ ಮೇಲೆ ಬಂದರೆ ಸಿಗುವ ಪುರಾಣದ ಪಟ್ಟಿಕೆಯಲ್ಲಿ ಈ ಪಾಠ ಕಲ್ಲಿಗಿಳಿದಿದೆ. ಅಲ್ಲಿನ ಬಿಲ್ಲುಗಾರ ಚಿಕ್ಕವನು, ಗಿಡ್ಡ, ಮೈತುಂಬ ಒಡವೆ. ಆದರೂ ಅವನನ್ನು ತಳ್ಳಿ ಬೀಳಿಸಲು ಆಗದು ಎನ್ನಿಸುತ್ತದೆ. ದೇಹದ ಭಾರ ಎರಡು ಪಾದಗಳ ನಡುವೆ ಬಿದ್ದಿರುವುದೇ ಇದಕ್ಕೆ ಕಾರಣ.

ರಾಮ ಒಂದೇ ಬಾಣದಿಂದ ಏಳು ಮರಗಳನ್ನು ಭೇದಿಸುವ ಪ್ರಸಂಗ ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾದದ್ದು. ಇಲ್ಲಿ ಮರದ ಕಾಂಡಗಳು ಲಂಬ, ಬಾಣ ಅಡ್ಡ, ರಾಮನ ಚಾಚಿದ ಕಾಲು ಓರೆ. ಕಣ್ಣು ಹಿಂದಿನ ಪಾದದಿಂದ ಹೊರಟು, ಸೊಂಟ ಹತ್ತಿ, ತೋಳಿನ ಗುಂಟ ಸಾಗಿ ಮರಗಳೊಳಕ್ಕೆ ನುಗ್ಗುತ್ತದೆ. ಸ್ನಾಯುವಿನ ಒಂದು ಗೆರೆಯನ್ನೂ ತೋರಿಸದೆ ಶಿಲ್ಪಿ ಬಾಣದ ವೇಗವನ್ನು ತೋರಿಸಿದ್ದಾನೆ. ಚಿತ್ರಕಲೆಯ ವಿದ್ಯಾರ್ಥಿ ಇದನ್ನು ಐದೇ ಗೆರೆಗಳಲ್ಲಿ ಸ್ಕೆಚ್ ಮಾಡಿ ನೋಡಲಿ, ಗೆರೆ ಐದಾದರೂ ಬಿಲ್ಲುಗಾರ ಉಳಿದಿರುತ್ತಾನೆ.

ಎರಡನೆಯ ಪ್ರಶ್ನೆಗೆ ಬಂದಾಗ ಹೊಗಳಿಕೆ ಹಿಂಜರಿಯಬೇಕಾಗುತ್ತದೆ. ಹೊಯ್ಸಳ ತೋಳು ದುಂಡಗೆ, ನುಣುಪಾಗಿ, ಬಳ್ಳಿಯ ಹಾಗೆ ಬಾಗುತ್ತದೆ. ಭುಜಕೀರ್ತಿ, ಕೇಯೂರ, ಹಾರಗಳು ಕೀಲಿನ ಜಾಗವನ್ನೇ ಮುಚ್ಚಿಬಿಡುತ್ತವೆ. ಹೆದೆ ಎಳೆದ ಕೈಯೂ ಕಮಲ ಹಿಡಿದ ಕೈಯೂ ಒಂದೇ ಹದದಲ್ಲಿವೆ. ಗ್ರೀಸಿನ ಪಾರ್ಥೆನಾನ್ ಮತ್ತು ಹಳೇಬೀಡು ವಾಸ್ತುಕಲೆಯ ಎರಡು ತುದಿಗಳು ಎಂದು ವಾಸ್ತುಕಲೆಯ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲೇ ಗುರುತಿಸಿದ್ದ. ಬಿಲ್ಲುಗಾರನ ವಿಷಯದಲ್ಲಿಯೂ ಈ ಹೋಲಿಕೆ ಸಲ್ಲುತ್ತದೆ. ಗ್ರೀಸಿನ ಈಜಿನಾ ದ್ವೀಪದ ಅಫಾಯಾ ದೇವಾಲಯದಿಂದ ಮ್ಯೂನಿಕ್‌ನ ವಸ್ತುಸಂಗ್ರಹಾಲಯ ಸೇರಿದ ಮಂಡಿಯೂರಿದ ಹೆರಾಕ್ಲಿಸ್‌ನ ಕೈಯಲ್ಲಿ ಈಗ ಬಿಲ್ಲೇ ಇಲ್ಲ, ಕಳೆದುಹೋಗಿದೆ. ಫ್ರಾನ್ಸಿನ ಶಿಲ್ಪಿ ಆಂತ್ವಾನ್ ಬೂರ್ದೆಲ್ 1909ರಲ್ಲಿ ಮಾಡಿದ ಹೆರಾಕ್ಲಿಸ್‌ನ ಬಿಲ್ಲಿಗೆ ಹೆದೆಯೂ ಇಲ್ಲ, ಬಾಣವೂ ಇಲ್ಲ. ಆದರೂ ಎರಡರಲ್ಲೂ ಎಳೆತ ಕಾಣುತ್ತದೆ. ಬೂರ್ದೆಲ್‌ನ ವೀರ ಒಂದು ಪಾದವನ್ನು ಬಂಡೆಗೆ ಒದ್ದು ನಿಂತ ರೀತಿಯಲ್ಲಿ, ಅವನ ಬೆನ್ನಿನ ಬಿಗಿತದಲ್ಲಿ ಇಲ್ಲದ ಹೆದೆಯೂ ಇರುವಂತಾಗುತ್ತದೆ. ಹೊಯ್ಸಳರಲ್ಲಿ ಹೆದೆ ಇದೆ, ಬಾಣ ಇದೆ, ಬಿಗಿತ ಮಾತ್ರ ಇಲ್ಲ.

ಇದು ಗೊತ್ತಿಲ್ಲದೆ ಆದ ಲೋಪವೇ? ಅಲ್ಲ ಎನ್ನಲು ಅದೇ ಗೋಡೆಯ ಕೆಳಗಿನ ಆನೆಗಳೇ ಸಾಕ್ಷಿ. ಸೊಂಡಿಲಿನ ತಿರುವು, ಹೆಜ್ಜೆಯ ಭಾರ, ತಲೆಯ ಉಬ್ಬುಗಳನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಮನುಷ್ಯನ ಹೆಗಲು ಕಾಣದೆ ಹೋದೀತೇ? ಬಳಪದ ಕಲ್ಲೂ ಅಡ್ಡಿಯಾಗಿರಲಿಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಆ ಕಲ್ಲು ಎಂಥ ಸೂಕ್ಷ್ಮವನ್ನೂ ತಾಳಿಕೊಳ್ಳುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅಮೃತಾಪುರ ಮತ್ತು ಸೋಮನಾಥಪುರಗಳಲ್ಲಿ ಹೆಸರು ಕೆತ್ತಿದ ಮಲ್ಲಿತಮ್ಮ, ಇವರೆಲ್ಲ ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿದ್ದವರು. ಅವರದು ಅರಿತು ಮಾಡಿದ ಆಯ್ಕೆ. ದೇವರ ದೇಹ ಶ್ರಮಪಡಬಾರದು, ಅದು ಉಸಿರು ತುಂಬಿದ ದೇಹವಾಗಿರಬೇಕು ಎಂಬುದು ಆ ಸಂಪ್ರದಾಯದ ನಿಲುವು.

ರಾಮನಿಗೆ ಈ ಆಯ್ಕೆ ಒಪ್ಪುತ್ತದೆ. ಏಳು ಮರ ಭೇದಿಸಿದವನು ಬೆವರದಿರುವುದೇ ಅವನ ಮಹಿಮೆ. ಬೇಲೂರಿನಲ್ಲಿ ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ಕೂರಿಸಿದ ಬಿಲ್ಲು ಹಿಡಿದ ಬೇಟೆಗಾರ್ತಿಗೂ ಒಪ್ಪುತ್ತದೆ. ಅವಳ ಬೇಟೆ ಅರ್ಧ ಶೃಂಗಾರ. ಆದರೆ ಕುರುಕ್ಷೇತ್ರಕ್ಕೆ ಇದು ಒಪ್ಪುವುದಿಲ್ಲ. ಹಳೇಬೀಡಿನ ಯುದ್ಧದ ಸಾಲುಗಳಲ್ಲಿ ರಥದ ಮೇಲೆ ರಥ, ಬಾಣದ ಮೇಲೆ ಬಾಣ. ಬಿಲ್ಲುಗಾರರೆಲ್ಲರ ಮುಖದಲ್ಲೂ ಒಂದೇ ಸಮಾಧಾನ, ತೋಳುಗಳಲ್ಲೂ ಒಂದೇ ಸಲೀಸು. ಕೊಲ್ಲುವವನೂ ಸಾಯುವವನೂ ಒಂದೇ ಮೆರವಣಿಗೆಯಲ್ಲಿ ಹೊರಟವರಂತೆ ಕಾಣುತ್ತಾರೆ. ಚಕ್ರವ್ಯೂಹದಲ್ಲಿ ಸಿಕ್ಕ ಅಭಿಮನ್ಯುವಿನ ಸಂಕಟವನ್ನು ವ್ಯೂಹದ ವಿನ್ಯಾಸ ಹೇಳುತ್ತದೆಯೇ ಹೊರತು ಅವನ ದೇಹ ಹೇಳುವುದಿಲ್ಲ. ಈ ಶೈಲಿಯ ಮಿತಿ ಇದು, ಹೆಮ್ಮೆಯ ಭರದಲ್ಲಿ ನಾವು ಒಪ್ಪಿಕೊಳ್ಳದೆ ಬಂದ ಮಿತಿ.

ಮುಂದಿನ ಕಾಲ ಈ ಕೊರತೆಯನ್ನು ತುಂಬಿತೇ? ಚಿತ್ರಕಾರ ರಾಜಾ ರವಿವರ್ಮ ಯುರೋಪಿನ ಅಂಗರಚನೆಯನ್ನು ನಮ್ಮ ದೇವರುಗಳಿಗೆ ತಂದ. ಕೆರಳಿದ ಕಡಲಿನೆದುರು ಬಿಲ್ಲು ಹಿಡಿದು ನಿಂತ ಅವನ ರಾಮನಿಗೆ ಮೂಳೆ ಇದೆ, ಮಾಂಸ ಇದೆ, ಕೋಪವೂ ಇದೆ. ಆದರೆ 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಮುದ್ರಣಾಲಯದ ಹಾದಿ ಹಿಡಿದು ಬೆಳೆದ ಕ್ಯಾಲೆಂಡರ್ ಕಲೆಯಲ್ಲಿ ಉಳಿದದ್ದು ಮೈಬಣ್ಣ ಮತ್ತು ಜರಿ. 1980ರ ದಶಕದ ಕೊನೆಯಿಂದ ಈಚಿನ ಪೋಸ್ಟರುಗಳ ರಾಮನಿಗೆ ಜಿಮ್ಮಿನ ಮೈಕಟ್ಟು ಬಂದಿದೆ. ತೋಳು ಉಬ್ಬಿದೆ, ಹೊಟ್ಟೆಯ ಮೇಲೆ ಸಿಕ್ಸ್ ಪ್ಯಾಕ್ ಇದೆ. ಬಿಲ್ಲೆಳೆಯುವ ಸ್ನಾಯುಗಳಿರುವುದು ಬೆನ್ನಿನಲ್ಲಿ ಎಂಬುದನ್ನು ಆ ಚಿತ್ರಕಾರರು ಗಮನಿಸಿದಂತಿಲ್ಲ. ಎಷ್ಟೋ ಪೋಸ್ಟರುಗಳಲ್ಲಿ ಬಿಲ್ಲು ಬಾಗಿದ್ದರೂ ಮೊಣಕೈ ಜೋತುಬಿದ್ದಿರುತ್ತದೆ, ಹೆಗಲು ಕಿವಿಗೆ ಏರಿರುತ್ತದೆ, ಪಾದಗಳು ಮೋಡದಲ್ಲೋ ಹೊಗೆಯಲ್ಲೋ ಮಾಯವಾಗಿರುತ್ತವೆ. ಹೊಯ್ಸಳ ಶಿಲ್ಪಿ ಬಲವನ್ನು ಮರೆಸಿ ನಿಲುವನ್ನು ಉಳಿಸಿಕೊಂಡಿದ್ದ. ಇವರು ಬಲದ ವೇಷ ಹಾಕಿಸಿ ನಿಲುವನ್ನೇ ಕಳೆದುಕೊಂಡರು.

ಸೊಂಟದಿಂದ ಕೆಳಗೆ ಹೊಯ್ಸಳ ಬಿಲ್ಲುಗಾರ ಗುರು, ಸೊಂಟದಿಂದ ಮೇಲಕ್ಕೆ ಅವನು ಅಲಂಕಾರ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚಿದ್ದಾರೆ, ಫೋಟೋಗಳೂ ಹೆಚ್ಚಿವೆ. ನಮ್ಮ ಚಿತ್ರಕಲಾ ಶಾಲೆಗಳು ಮಕ್ಕಳನ್ನು ಆ ಗೋಡೆಗಳ ಮುಂದೆ ಪೆನ್ಸಿಲ್ ಹಿಡಿಸಿ ಕೂರಿಸಲಿ. ಒಡವೆ ಬಿಟ್ಟು ಪಾದ, ಮಂಡಿ, ಸೊಂಟಗಳನ್ನಷ್ಟೇ ಬಿಡಿಸಲು ಹೇಳಲಿ. ಆಮೇಲೆ ಅದೇ ಮಕ್ಕಳನ್ನು ಬಿಲ್ಲುಗಾರಿಕೆಯ ಮೈದಾನಕ್ಕೆ ಕರೆದೊಯ್ದು ಆಟಗಾರರ ಹಿಂದೆ ನಿಲ್ಲಿಸಿ ಬೆನ್ನು ಬರೆಸಲಿ. ಎರಡೂ ಪಾಠ ಒಂದೇ ಹಾಳೆಯಲ್ಲಿ ಕೂಡಿದರೆ ಮಾತ್ರ ಕನ್ನಡದ ಚಿತ್ರಕಾರ ಬಿಡಿಸಿದ ಬಾಣ ಗುರಿ ಮುಟ್ಟೀತು.