ನಳಿಗೆಯೊಂದು ಬದಲಾದರೆ

ಮೈಲಾರ ಜಾತ್ರೆಯಲ್ಲಿ, ಡೆಂಕನಮರಡಿಯ ಮೇಲೆ ಕಾರ್ಣಿಕ ನುಡಿಯಲು ಗೊರವಯ್ಯ ಏರುವ ಬಿಲ್ಲನ್ನು ಕಂಡಾಗಲೆಲ್ಲ ಅದನ್ನು ಮಾಡಿದವರ ಕೈ ನೆನೆಯುತ್ತೇನೆ. ಸಿಗ್ ಸಾವರ್ ಪಿ226 ಪಿಸ್ತೂಲಿನ ರಚನೆ ಓದಿದಾಗಲೂ ಹಾಗೇ ಆಯಿತು.

ಮ್ಯಾಗಜಿನ್ ತೆಗೆದು, ಗುಂಡು ಉಳಿದಿಲ್ಲವೆಂದು ಖಾತ್ರಿಪಡಿಸಿಕೊಂಡು, ಸ್ಲೈಡ್ ಹಿಂದೆಳೆದು ಪಕ್ಕದ ಸಣ್ಣ ಕೀಲು ತಿರುಗಿಸಿದರೆ ಸ್ಲೈಡ್ ಮುಂದೆ ಜಾರಿ ಬರುತ್ತದೆ. ಮಗುಚಿ ಸ್ಪ್ರಿಂಗ್ ತೆಗೆದರೆ ನಳಿಗೆ ಕೈಗೇ ಬಂತು! ಸುತ್ತಿಗೆ ಬೇಡ, ಸ್ಪ್ಯಾನರ್ ಬೇಡ. .40 ಎಸ್&ಡಬ್ಲ್ಯೂ ನಳಿಗೆಯ ಜಾಗದಲ್ಲಿ .357 ಸಿಗ್ ನಳಿಗೆ ಕೂರಿಸಿದರೆ ಸಾಕು, ಕ್ಯಾಲಿಬರ್ ಬದಲು.

ಗುಟ್ಟಿರುವುದು ತೋಟಾದಲ್ಲಿ. 1994ರಲ್ಲಿ ಬಂದ .357 ಸಿಗ್ ತೋಟಾ .40ರ ಮಾದರಿಯದೇ; ಕೊರಳು ಮಾತ್ರ ಬಾಟಲಿಯಂತೆ ಕಿರಿದು, ಸುಮಾರು 9 ಮಿ.ಮೀ. ಗುಂಡಿಗೆ ತಕ್ಕಂತೆ. ಬುಡದ ಅಂಚು ಒಂದೇ ಅಳತೆಯದು. ಹಾಗಾಗಿ ಖಾಲಿ ತೋಟಾ ಎಳೆಯುವ ಕೊಕ್ಕೆ, ಸ್ಲೈಡಿನ ಮುಖ, ಮ್ಯಾಗಜಿನ್ ಯಾವುದನ್ನೂ ಮುಟ್ಟಬೇಕಿಲ್ಲ. ಸಾಮಾನ್ಯ 9 ಮಿ.ಮೀ. ತೋಟಾದ ಬುಡ ಇನ್ನೂ ಸಣ್ಣದು. ಅದಕ್ಕೆ ಈ ಸಲೀಸು ದಕ್ಕುವುದಿಲ್ಲ.

ಪ್ರತಿ ಹೊಡೆತಕ್ಕೂ ಸ್ಲೈಡಿಗೆ ಬಿಗಿಯಾಗಿ ಕಚ್ಚಿಕೊಂಡು, ಮರುಕ್ಷಣವೇ ಹಿಂಬದಿ ತುಸು ಬಾಗಿ ಬಿಡಿಸಿಕೊಳ್ಳುವ ನಳಿಗೆ ಇದು. ಜಾನ್ ಬ್ರೌನಿಂಗ್ ಕಂಡುಕೊಂಡ ಉಪಾಯದ ಕುಡಿ. ಅಷ್ಟು ಒತ್ತಡ ತಾಳುವ ವಸ್ತು ಬೆರಳಿಗೆ ಇಷ್ಟು ಸುಲಭವಾಗಿ ಕಳಚಿ ಬರುತ್ತದಲ್ಲ, ನನ್ನ ಮೆಚ್ಚುಗೆಯೆಲ್ಲ ಅದಕ್ಕೇ.