ತಾಲ್ಲೂಕಿನ ಸರಾಸರಿಯಲ್ಲಿ ಕಾಣದ ಊರುಗಳು

ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರು ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಕೊನೆಯ ಮಾತೆಂಬಂತೆ ಮುಂದಿಡುತ್ತಾರೆ. ವರದಿ ಸರಿಯಾಗಿಯೇ ಇತ್ತು, ಸರ್ಕಾರಗಳು ಜಾರಿ ಮಾಡಲಿಲ್ಲ ಎಂಬುದು ಅವರ ವಾದ. ವರದಿಯು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇವೆಯೆಂದು ತೋರಿಸಿ ಆ ಭಾಗದ ಅಳಲಿಗೆ ಅಂಕಿಅಂಶದ ಬಲ ಕೊಟ್ಟದ್ದು ಸಣ್ಣ ಕೆಲಸವಲ್ಲ. ಆದರೆ ಜಾರಿಯ ವೈಫಲ್ಯವನ್ನಷ್ಟೇ ಹೇಳುತ್ತ ಬಂದವರು ಅಳತೆಗೋಲನ್ನು ಪರೀಕ್ಷಿಸುವ ಗೋಜಿಗೇ ಹೋಗಲಿಲ್ಲ.

ಸಮಿತಿ 35 ಸೂಚಕಗಳನ್ನು ಸೇರಿಸಿ 175 ತಾಲ್ಲೂಕುಗಳಿಗೆ ಒಂದೊಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದ 114 ಹಿಂದುಳಿದವು. ನಂಜನಗೂಡು ತಾಲ್ಲೂಕನ್ನೇ ನೋಡಿ. ಪಟ್ಟಣದ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ, ಕಬಿನಿ ನಾಲೆಯ ಕೆಳಗೆ ಗದ್ದೆ ಬಯಲು, ಗುಂಡ್ಲುಪೇಟೆಯ ಕಡೆಗೆ ಮಳೆಯನ್ನೇ ನಂಬಿದ ಹೊಲ. ಈ ಮೂರನ್ನೂ ಕೂಡಿಸಿ ಬಂದ ಅಂಕೆ ಮೂರರಲ್ಲಿ ಯಾವುದರ ಬದುಕನ್ನೂ ಹೇಳುವುದಿಲ್ಲ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗರ ದುಡ್ಡಿನಲ್ಲಿ ಊರಿನವರಿಗೆ ದಕ್ಕುವುದೆಷ್ಟು, ಮೈಸೂರಿನ ಹೋಟೆಲು, ಟ್ಯಾಕ್ಸಿಗಳಿಗೆ ಹೋಗುವುದೆಷ್ಟು? ತಾಲ್ಲೂಕಿನ ಸರಾಸರಿಯನ್ನು ಎಷ್ಟು ಹಿಂಡಿದರೂ ಇದಕ್ಕೆ ಉತ್ತರ ಸಿಗದು.

ಇಂಥ ಸರಾಸರಿಗಳಿಗೆ ಹೋಲಿಸಿದರೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಬಳಿ ನಡೆಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಬೆಳಕು ಚೆಲ್ಲುತ್ತದೆ. ವಂಗಲ, ದಲೇನ ಎಂದು ಆಕೆ ಹೆಸರು ಮರೆಸಿ ಬರೆದ ಎರಡು ಊರುಗಳಲ್ಲಿ ಮೊದಲನೆಯದಕ್ಕೆ ನಾಲೆಯ ನೀರು ಬಂತು, ಎರಡನೆಯದಕ್ಕೆ ಬರಲಿಲ್ಲ. ನೀರು ಕಂಡ ಊರು ಕಬ್ಬು, ಭತ್ತ ಬೆಳೆದು ಹಳೆಯ ಒಕ್ಕಲು-ಆಳಿನ ಸಂಬಂಧಗಳನ್ನೇ ಗಟ್ಟಿ ಮಾಡಿಕೊಂಡಿತು. ಒಣ ಊರಿನವರು ನೌಕರಿ, ವ್ಯಾಪಾರವೆಂದು ಪಟ್ಟಣದ ಕಡೆ ಹೊರಟರು; ಆ ಸಂಬಂಧಗಳು ಸಡಿಲವಾದದ್ದು ಅಲ್ಲಿ. ಇಂಥ ಎರಡು ಊರು ಒಂದೇ ತಾಲ್ಲೂಕಿನಲ್ಲಿದ್ದರೆ ಸೂಚ್ಯಂಕ ಎರಡಕ್ಕೂ ಒಂದೇ ಅಂಕ ಕೊಡುತ್ತದೆ. ಎರಡು ಊರು ಇಡೀ ರಾಜ್ಯವನ್ನು ಪ್ರತಿನಿಧಿಸಲಾರವು, ನಿಜ. ಆದರೆ ಬದಲಾವಣೆ ಹೇಗೆ ನಡೆಯುತ್ತದೆಂದು ತಿಳಿಯಲು ಅವು ಸಾಕು. 175 ಸರಾಸರಿಗಳು ಸಾಲವು. ಹಣ ಹಂಚುವುದೇ ತಾಲ್ಲೂಕುವಾರು, ಅಳೆಯುವುದೂ ಹಾಗೇ ಇರಲಿ ಎನ್ನುವವರಿದ್ದಾರೆ. ಹಂಚಿಕೆಯ ಅನುಕೂಲಕ್ಕೆ ಅಳತೆ ಕುರುಡಾಗಬೇಕಿಲ್ಲ. ಮಾಹಿತಿಯ ಕೊರತೆಯೆಂಬ ನೆಪವೂ ಪೂರ್ತಿ ನಿಲ್ಲದು: ನೀರಾವರಿ, ಶಾಲೆ, ರಸ್ತೆಗಳ ವಿವರವನ್ನು ಜನಗಣತಿಯ ಜಿಲ್ಲಾ ಕೈಪಿಡಿಗಳು ಊರುವಾರಾಗಿಯೇ ಕೊಡುತ್ತ ಬಂದಿವೆ. ಅಸಮಾನತೆಯ ಅಧ್ಯಯನಕ್ಕೆ ಇನ್ನು ಮುಂದೆ ಕೈಹಾಕುವವರು ತಾಲ್ಲೂಕಿನ ಅಂಕೆಯ ಪಕ್ಕದಲ್ಲೇ ಅದರೊಳಗಿನ ಊರುಗಳ ಅಂಕೆಯನ್ನೂ ಅಚ್ಚು ಹಾಕಲಿ.